ಪದಚರ್ಚೆ (ತುರ್ತು): ರೋಬಾಟ್ ಮಾದರಿಯ ‘ರನ್ನರ್’, ‘ಗೇಟ್’, ‘ಡೀಟೇಲಿಂಗ್’ – ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ನಾಳೆ ಬೆಳಿಗ್ಗೆ 10ಕ್ಕೆ ಒಂದು ಫಲಕವೂ 4 ಪುಟದ ಕೈಪಿಡಿಯೂ ಮುದ್ರಣಕ್ಕೆ ಹೋಗಬೇಕು. ವಿಷಯ ಜಪಾನಿನ ಗನ್‌ಪ್ಲಾ, ಅಂದರೆ ಗನ್‌ಡಮ್ ಎಂಬ ಟಿವಿ ಸರಣಿಯ ರೋಬಾಟ್‌ಗಳ ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸಿ, ತಿದ್ದಿ, ಬಣ್ಣ ಹಚ್ಚುವ ಹವ್ಯಾಸ. ಇದುವರೆಗೆ ಕಿಟ್ ಮುಟ್ಟಿಯೇ ಇರದವರು ಕೈಪಿಡಿ ಓದಿಕೊಂಡು ಕೆಲಸಕ್ಕೆ ಕೂರುವಂತಿರಬೇಕು.

ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟುಗಳಿರುತ್ತವೆ. ಪ್ರತಿ ಚೌಕಟ್ಟಿಗೆ ಒಂದು ಅಕ್ಷರ, ಅದರಲ್ಲಿರುವ ಪ್ರತಿ ತುಣುಕಿಗೆ ಒಂದು ಸಂಖ್ಯೆ. ಈ ಚೌಕಟ್ಟನ್ನು ರನ್ನರ್ ಎನ್ನುತ್ತಾರೆ. ತುಣುಕನ್ನು ಅದಕ್ಕೆ ಹಿಡಿದಿಟ್ಟಿರುವ ಸಣ್ಣ ಕೊಂಡಿ ಗೇಟ್. ಕತ್ತರಿಸಿದ ಮೇಲೆ ತುಣುಕಿನ ಅಂಚಿನಲ್ಲಿ ಉಳಿಯುವ ಮೊಂಡು ಉಬ್ಬು ನಬ್. ಮೈಮೇಲೆ ಕೊರೆದಿರುವ ಸಣ್ಣ ಗೆರೆಗಳು ಪ್ಯಾನೆಲ್ ಲೈನ್. ಗೆರೆಗಳಿಗೆ ಬಣ್ಣ ತುಂಬುವುದು, ಚಿಹ್ನೆ ಅಂಟಿಸುವುದು, ಸವೆತದ ಗುರುತು ಮೂಡಿಸುವುದು ಎಲ್ಲ ಸೇರಿ ಡೀಟೇಲಿಂಗ್.

ಗೇಟಿಗೆ ‘ದ್ವಾರ’ ಎಂದು ಬರೆದಿದ್ದೆ. ಕರಡನ್ನು ಓದಲು ಕೊಟ್ಟ ಹುಡುಗಿ ‘ದ್ವಾರವನ್ನು ಎರಡು ಬಾರಿ ಕತ್ತರಿಸಿ’ ಎಂಬಲ್ಲಿ ನಿಂತು, ರೋಬಾಟಿನ ಎದೆಯಲ್ಲಿರುವ ಬಾಗಿಲನ್ನು ಕತ್ತರಿಸಬೇಕೆ ಎಂದು ಕೇಳಿದಳು. ಡೀಟೇಲಿಂಗಿಗೆ ‘ವಿವರಣೆ’ ಎಂದು ಹಾಕಿದ್ದೂ ತಪ್ಪೇ, ಗೊತ್ತಿದೆ. ದಯವಿಟ್ಟು ಇಂದು ರಾತ್ರಿಯೊಳಗೆ ತಿಳಿಸಿ.

ಮರು:

ರನ್ನರ್, ಗೇಟ್ ಎಂದೇ ಅಚ್ಚು ಹಾಕಿಸಿ ಮೇಡಂ. ಕೈಪಿಡಿ ಓದಿದವರು ನಾಳೆ ವಿಡಿಯೊ ನೋಡುತ್ತಾರೆ, ಅಲ್ಲಿ ಗೇಟ್ ಎನ್ನುತ್ತಾರೆ. ಜಪಾನಿಯರೇ ಆ ಇಂಗ್ಲಿಷ್ ಪದಗಳನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಬಳಸುತ್ತಿರುವಾಗ ನಮಗೇಕೆ ಹೊಸ ಪದ? ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

ಮರು:

ಮೊದಲು ‘ರೋಬಾಟ್’ ಸರಿಪಡಿಸಿಕೊಳ್ಳಿ, ಉಳಿದದ್ದು ಆಮೇಲೆ. ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ ಲೋಕಕ್ಕೆ ಬಂದ ಪದ ಅದು. ಪದ ಹೊಳೆದದ್ದು ಅವನ ಅಣ್ಣ ಯೋಸೆಫ್‌ನಿಗೆ. ಚೆಕ್ ಭಾಷೆಯಲ್ಲಿ ‘ರೊಬೊತ’ ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿಮೆ. ಆ ನಾಟಕದ ರೋಬಾಟ್‌ಗಳು ಲೋಹದ ಯಂತ್ರಗಳೂ ಅಲ್ಲ, ಕೃತಕವಾಗಿ ತಯಾರಿಸಿದ ಜೀವಿಗಳು. ಆದ್ದರಿಂದ ನಾವು ಪತ್ರಿಕೆಗಳಲ್ಲಿ ಬರೆಯುತ್ತಿರುವ ‘ಯಂತ್ರಮಾನವ’ ಮೂಲದ ಅರ್ಥವನ್ನೇ ಬಿಟ್ಟುಕೊಟ್ಟಿದೆ. ‘ಬಿಟ್ಟಿಯಾಳು’ ಎಂಬ ಅಚ್ಚಗನ್ನಡದ ಪದ ನಮ್ಮಲ್ಲಿರುವಾಗ ಬೇರೆಯದು ಬೇಡ.

ಇನ್ನೊಂದು ಮಾತು. ‘ಯಂತ್ರಗೊಂಬೆ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ. ಸಂಸ್ಕೃತವನ್ನೂ ಕನ್ನಡವನ್ನೂ ಹಾಗೆ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎಂದು ಕವಿರಾಜಮಾರ್ಗಕಾರ 9ನೆಯ ಶತಮಾನದಲ್ಲೇ ಎಚ್ಚರಿಸಿದ್ದಾನೆ. ತುಪ್ಪಕ್ಕೆ ಎಣ್ಣೆ ಬೆರೆಸಬಹುದೇ ಎಂದು ಕವಿ ನಯಸೇನ ಕೇಳಿದ್ದೂ ಇದನ್ನೇ.

ಮರು:

‘ಬಿಟ್ಟಿ’ ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಅಚ್ಚಗನ್ನಡ ಅಲ್ಲ. ನಯಸೇನ ಆ ಮಾತು ಹೇಳುವಾಗ ತುಪ್ಪ, ಎಣ್ಣೆ ಎನ್ನಲಿಲ್ಲ, ‘ಘೃತ’, ‘ತೈಲ’ ಎಂದ. ಇಲ್ಲಿಗೆ ಇದನ್ನು ಬಿಡೋಣ.

ಮರು:

ಮೇಡಂ, ನಾನು ಹಲವು ವರ್ಷಗಳಿಂದ ಈ ಮಾದರಿಗಳನ್ನು ಕಟ್ಟುತ್ತಿದ್ದೇನೆ. ನಿಮಗೆ ಸಮಯ ಕಡಿಮೆಯಿದೆ, ನೇರವಾಗಿ ಪದಕ್ಕೇ ಬರುತ್ತೇನೆ.

ಗೇಟ್ ಎಂದರೆ ತೊಟ್ಟು. ತುಣುಕನ್ನು ಬೆಳಕಿಗೆ ಹಿಡಿದು ನೋಡಿ. ಕಡ್ಡಿಯಿಂದ ಹೊರಟ ಪ್ಲಾಸ್ಟಿಕ್ ತುಣುಕಿನ ಹತ್ತಿರ ಬರುತ್ತಾ ಸಣ್ಣದಾಗಿ, ಕಾಯಿಯ ತೊಟ್ಟಿನ ಹಾಗೆಯೇ ಅಂಚಿಗೆ ಅಂಟಿಕೊಂಡಿರುತ್ತದೆ. ತೊಟ್ಟು ಎಂದ ಮೇಲೆ ಅದು ನೇತಾಡುವ ಚೌಕಟ್ಟು ಬಳ್ಳಿ. ನಿಮ್ಮ ಕೈಪಿಡಿಯಲ್ಲಿ ‘ಅ ಬಳ್ಳಿಯ 12ನೆಯ ತುಣುಕು’ ಎಂದು ಬರೆದರೆ ಯಾವುದನ್ನು ಹುಡುಕಬೇಕೆಂದು ಮಗುವಿಗೂ ತಿಳಿಯುತ್ತದೆ. ನಬ್ ಎಂದರೆ ತೊಟ್ಟಿನ ಗುರುತು. ‘ತೊಟ್ಟಿನ ಕಲೆ’ ಬೇಡ, ‘ಕಲೆ’ ಎಂದೊಡನೆ ಚಿತ್ರಕಲೆ ನೆನಪಾಗುತ್ತದೆ.

ಹೆಸರು ಸರಿಯಾಗಿ ಕೂತರೆ ಕ್ರಿಯಾಪದ ತಾನಾಗಿ ಹಿಂದೆ ಬರುತ್ತದೆ. ಬಳ್ಳಿಯಿಂದ ಕಾಯಿಯನ್ನು ಏನು ಮಾಡುತ್ತೇವೆ? ಬಿಡಿಸುತ್ತೇವೆ. ಹೂವನ್ನೂ ಬಿಡಿಸುತ್ತೇವೆ. ‘ದ್ವಾರವನ್ನು ಎರಡು ಬಾರಿ ಕತ್ತರಿಸಿ’ ಎಂಬಲ್ಲಿ ಹೀಗೆ ಬರೆದು ನೋಡಿ: ‘ಮೊದಲು ತೊಟ್ಟನ್ನು ಬಳ್ಳಿಯ ಕಡೆಗೆ ಕತ್ತರಿಸಿ ತುಣುಕನ್ನು ಬಿಡಿಸಿಕೊಳ್ಳಿ. ಆಮೇಲೆ ಕಟ್ಟರಿನ ಚಪ್ಪಟೆ ಬದಿ ತುಣುಕಿನ ಕಡೆಗಿರುವಂತೆ ಹಿಡಿದು, ಉಳಿದ ತೊಟ್ಟನ್ನು ಕೂದಲೆಳೆಯಷ್ಟು ಬಿಟ್ಟು ಕತ್ತರಿಸಿ.’ ಒಂದೇ ಏಟಿಗೆ ಅಂಚಿಗೆ ತಾಗಿಸಿ ಕತ್ತರಿಸಿದರೆ ಪ್ಲಾಸ್ಟಿಕ್ ಎಳೆತಕ್ಕೆ ಸಿಕ್ಕಿ ಬಿಳಿಚಿಕೊಳ್ಳುತ್ತದೆ. ಕಡುನೀಲಿ ತುಣುಕಿನ ಮೇಲೆ ಆ ಬಿಳಿ ಚುಕ್ಕೆ ಮಾರುದೂರದಿಂದಲೂ ಕಾಣುತ್ತದೆ. ಉಳಿದ ಎಳೆಯನ್ನು ಚಾಕುವಿನಿಂದ ಹೆರೆದು, 400, 600, 800, 1000 ಎಂದು ನಯವಾಗುತ್ತಾ ಹೋಗುವ ಉಪ್ಪುಕಾಗದದಿಂದ ಉಜ್ಜಬೇಕು. ಇಷ್ಟನ್ನು ಹೇಳಲು ಯಾವ ಪಾರಿಭಾಷಿಕ ಪದವೂ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ.

ಪ್ಯಾನೆಲ್ ಲೈನಿಗೆ ‘ಗೆರೆ’ ಸಾಕು. ಅದಕ್ಕೆ ಬಣ್ಣ ತುಂಬುವುದಕ್ಕೆ ‘ತೀಡುವುದು’ ಎನ್ನಿ. ಕಾಡಿಗೆ ತೀಡುತ್ತೇವಲ್ಲ, ಅದೇ ಪದ. ತೆಳುಮಾಡಿದ ಎನಾಮೆಲ್ ಬಣ್ಣದಲ್ಲಿ ಕುಂಚದ ತುದಿ ಅದ್ದಿ ಗೆರೆಯ ಒಂದು ಕಡೆ ಮುಟ್ಟಿಸಿದರೆ ಬಣ್ಣ ತಾನೇ ಗೆರೆಯುದ್ದಕ್ಕೂ ಓಡುತ್ತದೆ, ಹೊರಗೆ ಚೆಲ್ಲಿದ್ದನ್ನು ಒರೆಸಿದರೆ ಗೆರೆ ಕಾಡಿಗೆಯ ಹಾಗೆ ಎದ್ದು ಕಾಣುತ್ತದೆ. ಒಂದು ಎಚ್ಚರಿಕೆಯನ್ನು ಕೈಪಿಡಿಯಲ್ಲಿ ಖಂಡಿತ ಸೇರಿಸಿ: ಆ ಬಣ್ಣದ ತಿನ್ನರ್ ಕೀಲುಗಳ ಸಂದಿಗೆ ಇಳಿದು ನಿಂತರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ನನ್ನ ಒಂದು ಮಾದರಿಯ ಸೊಂಟ ಹೀಗೆಯೇ ಎರಡಾಯಿತು.

ಡೀಟೇಲಿಂಗ್ ಎಂದರೆ ಕುಸುರಿ ಕೆಲಸ. ಅಕ್ಕಸಾಲಿಗರು ಬಳಸುವ ಪದ ಇರುವಾಗ ಬೇರೆಯದನ್ನು ಹುಡುಕುವುದೇಕೆ?

ಇನ್ನು ಫಲಕದ ಹೆಸರು. ‘ಪ್ರತಿಕೃತಿ’ ಖಂಡಿತ ಬೇಡ. ಪ್ರತಿಕೃತಿಗೆ ಮೊದಲೊಂದು ಕೃತಿ ಇರಬೇಕು. ಗನ್‌ಡಮ್ ಟಿವಿಯಲ್ಲಿ ಬಂದದ್ದು 1979ರಲ್ಲಿ, ಬಂದಾಯ್ ಕಂಪನಿಯ ಮೊದಲ ಕಿಟ್ ಬಂದದ್ದು 1980ರ ಜುಲೈಯಲ್ಲಿ, 1/144 ಅಳತೆಯಲ್ಲಿ, 300 ಯೆನ್ ಬೆಲೆಗೆ. ಟೋಕಿಯೊದ ಒದೈಬಾದಲ್ಲಿ 18 ಮೀಟರ್ ಎತ್ತರದ ಪೂರ್ಣಗಾತ್ರದ ಪ್ರತಿಮೆ ನಿಂತದ್ದು 2009ರಲ್ಲಿ. ಅಂದರೆ ಹನ್ನೆರಡೂವರೆ ಸೆಂಟಿಮೀಟರಿನ ಬೊಂಬೆಯೇ ಮೊದಲು ಬಂತು, ‘ಮೂಲ’ 29 ವರ್ಷ ತಡವಾಗಿ ಬಂತು.

‘ಯಂತ್ರಮಾನವ’ ಕೂಡ ಹೊಂದುವುದಿಲ್ಲ, ಆದರೆ ಮೇಲಿನವರು ಕೊಟ್ಟ ಕಾರಣಕ್ಕಲ್ಲ. ಕಥೆಯಲ್ಲಿ ಗನ್‌ಡಮ್ ತಾನಾಗಿ ನಡೆಯುವುದಿಲ್ಲ, ಒಡಲಿನಲ್ಲಿ ಒಬ್ಬ ಮನುಷ್ಯ ಕೂತು ಓಡಿಸುತ್ತಾನೆ. ನಮ್ಮ ಕಥೆಗಳ ರಾಜಕುಮಾರ ಏರಿ ಹೋಗುವ ಕೀಲುಕುದುರೆಯ ಹಾಗೆ. ಆದ್ದರಿಂದ ನನ್ನ ಸಲಹೆ ‘ಕೀಲುಗೊಂಬೆ’. ಭುಜ, ಮೊಣಕೈ, ಮಣಿಕಟ್ಟು ಎಲ್ಲವೂ ಕೀಲಿನ ಮೇಲೆ ತಿರುಗುವುದೇ ಈ ಮಾದರಿಗಳ ಹೆಚ್ಚುಗಾರಿಕೆ. ‘ಕೀಲಾಳು’ ಎಂದೂ ಯೋಚಿಸಿದ್ದೆ. ಜನ ‘ಕೀಳಾಳು’ ಎಂದು ಓದಿಬಿಡುತ್ತಾರೆ.

ಮರು:

ಕವಿತೆ ಬೇಡ. ಬಳ್ಳಿ ಬಾಗುತ್ತದೆ, ಇದು ಬಾಗಿಸಿದರೆ ಮುರಿಯುತ್ತದೆ. ರನ್ನರ್ ಎಂಬ ಹೆಸರು ಬಂದದ್ದು ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹರಿಯುವ ಹಾದಿಗೆ. ಗೇಟ್ ಎಂದರೆ ಆ ಹಾದಿ ತುಣುಕಿನ ಅಚ್ಚಿಗೆ ತೆರೆದುಕೊಳ್ಳುವ ಕಿರಿದಾದ ಬಾಯಿ. ಹಾಗಾಗಿ ‘ಹರಿಗಾಲುವೆ’ ಮತ್ತು ‘ತೂಬು’ ಸರಿಯಾದ ಪದಗಳು. ಪದ ಹುಟ್ಟಿದ ಜಾಗ ತಿಳಿಯದೆ ಪದ ಕಟ್ಟಬಾರದು. ‘ಬಿಟ್ಟಿ’ಯ ಬಗ್ಗೆ ತಿದ್ದಿದವರ ಮಾತು ಒಪ್ಪುತ್ತೇನೆ. ಆದರೆ ತದ್ಭವ ಕನ್ನಡದ ಸ್ವತ್ತೇ, ಅದರ ಮೇಲೆ ಕಟ್ಟಿದ ಸಮಾಸ ಅರಿಸಮಾಸವಾಗುವುದಿಲ್ಲ.

ಮರು:

ಸರ್, ತೂಬು ಒಳ್ಳೆಯ ಪದ. ಅಚ್ಚು ತಯಾರಿಸುವವರಿಗೆ ಬರೆಯುತ್ತಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಹರಿಯುವುದನ್ನು ಕಾಣುವವರು ಅವರು. ಪೆಟ್ಟಿಗೆ ತೆರೆದವರ ಕೈಗೆ ಬರುವ ಹೊತ್ತಿಗೆ ಹರಿವು ನಿಂತು, ತಣ್ಣಗಾಗಿ, ಗಟ್ಟಿಯಾಗಿದೆ. ಅವರಿಗೆ ಕಾಣುವುದು ಕಾಲುವೆಯಲ್ಲ, ಕಾಲುವೆಯ ಆಕಾರದಲ್ಲಿ ಹೆಪ್ಪುಗಟ್ಟಿದ ಕಡ್ಡಿ. ತೂಬನ್ನು ತೆರೆಯುತ್ತಾರೆ, ಮುಚ್ಚುತ್ತಾರೆ. ಯಾರಾದರೂ ತೂಬನ್ನು ಕತ್ತರಿಸುತ್ತಾರೆಯೇ? ‘ದ್ವಾರ’ ಸೋತದ್ದೂ ಇಲ್ಲಿಯೇ. ಎರಡೂ ತೆರವಿನ ಹೆಸರುಗಳು, ಇಲ್ಲಿ ಬೇಕಿರುವುದು ಗಟ್ಟಿ ವಸ್ತುವಿನ ಹೆಸರು.

ಬಳ್ಳಿ ಬಾಗುತ್ತದೆ ಎಂಬ ಆಕ್ಷೇಪಕ್ಕೆ ಒಂದೇ ಮಾತು. ಬಡಗಿಯ ಉಪ್ಪುಕಾಗದದಲ್ಲಿ ಉಪ್ಪಿಲ್ಲ. ಅಷ್ಟೇ ಅಲ್ಲ, ಉಪ್ಪು ಕನ್ನಡ, ಕಾಗದ ಪಾರಸಿ. ಯಾರನ್ನೂ ಕೇಳದೆ ಕೆಲಸಗಾರರು ಕಟ್ಟಿಕೊಂಡ ಪದ ಅದು, ಇಂದಿಗೂ ಗಟ್ಟಿಯಾಗಿದೆ. ‘ಬಿಡಿಭಾಗ’, ‘ಮುಖಬೆಲೆ’, ‘ಮಳೆಗಾಲ’ಗಳನ್ನು ಅರಿಸಮಾಸವೆಂದು ಬಿಟ್ಟುಬಿಟ್ಟರೆ ನಾಳೆ ಮಾತನಾಡುವುದು ಹೇಗೆ?

ಮರು:

ನೋಡಿ, ಇದಕ್ಕೇ ಗೇಟ್ ಎಂದು ಬರೆಯಿರಿ ಎಂದದ್ದು. ಎರವಲನ್ನು ಅವಮಾನವೆಂದು ತಿಳಿಯುವ ಚಟ ಈ ಗುಂಪಿನಿಂದ ಹೋಗುವುದಿಲ್ಲ. ಬಸ್ಸು, ರೈಲು, ಟಿಕೆಟು ಕನ್ನಡವನ್ನು ಕೆಡಿಸಿವೆಯೇ?

ಮರು:

ಕೆಡಿಸಿಲ್ಲ. ಆದರೆ ಬಸ್ಸು, ರೈಲು, ಟಿಕೆಟು ಎಂದು ನೀವೇ ಬರೆದಿದ್ದೀರಿ, ಬಸ್, ರೈಲ್, ಟಿಕೆಟ್ ಎಂದು ಬರೆಯಲಿಲ್ಲ. ಉಕಾರ ಸೇರಿಸಿ, ವಿಭಕ್ತಿ ಹಚ್ಚಿ ಕನ್ನಡದವನ್ನಾಗಿ ಮಾಡಿಕೊಂಡ ಪದಗಳು ಅವು. ಜಪಾನಿಯರದೂ ಅದೇ ದಾರಿ. ಪ್ಲಾಸ್ಟಿಕ್ ಮಾಡೆಲ್ ಎಂಬುದನ್ನು ಕತ್ತರಿಸಿ ‘ಪ್ಲಾಮೊ’ ಮಾಡಿದರು, ಗನ್‌ಡಮ್‌ಗೆ ‘ಪ್ಲಾ’ ಅಂಟಿಸಿ ‘ಗನ್‌ಪ್ಲಾ’ ಮಾಡಿದರು. ಇಂಗ್ಲಿಷಿನವರಿಗೆ ಆ ಪದ ಅವರೇ ಮರಳಿ ಕೊಟ್ಟರು. ಎರವಲು ತಂದವರು ಅದರ ಮೇಲೆ ಕೆಲಸ ಮಾಡಬೇಕು. ತಂದದ್ದನ್ನು ಹಾಗೆಯೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದನ್ನು ನಾನು ಎರವಲು ಎನ್ನುವುದಿಲ್ಲ.

‘ಕಿಟ್’ ಇರಲಿ, ಅದು ಬಂದು ಬಹಳ ಕಾಲವಾಯಿತು. ‘ಗೇಟು’ ಬಂದಿದೆ, ಆದರೆ ನಮ್ಮಲ್ಲಿ ಅದು ಮನೆಯ ಮುಂದೆ ನಿಂತಿದೆ. ಅದನ್ನು ತಂದು ಈ ತುಣುಕಿಗೆ ಅಂಟಿಸಿದರೆ ಆ ಹುಡುಗಿ ಮತ್ತೆ ಬಾಗಿಲಿನ ಪ್ರಶ್ನೆಯನ್ನೇ ಕೇಳುತ್ತಾಳೆ.

ಮರು:

‘ಕೀಲುಗೊಂಬೆ’ಗೆ ಇನ್ನೊಬ್ಬರು ಆಡಿಸಿದಂತೆ ಆಡುವವನು ಎಂಬ ಅರ್ಥವಿದೆ. ಫಲಕದಲ್ಲಿ ಹಾಕುವ ಮೊದಲು ಯೋಚಿಸಿ.

ಮರು:

ಒಳಗೆ ಕೂತವನು ಆಡಿಸಿದಂತೆಯೇ ಆಡುವ ಯಂತ್ರ ಇದು. ಅರ್ಥ ಸರಿಯಾಗಿಯೇ ಕೂತಿದೆ.

ಮರು:

ಎಲ್ಲರಿಗೂ ಕೃತಜ್ಞತೆ. ರಾತ್ರಿ 11ಕ್ಕೆ ಕರಡು ಮುಗಿಸಿದೆ. ಫಲಕದಲ್ಲಿ ಮೇಲೆ ದೊಡ್ಡಕ್ಷರದಲ್ಲಿ ‘ರೋಬಾಟ್ ಕೀಲುಗೊಂಬೆ’, ಕೆಳಗೆ ‘ಬಿಡಿಸಿ, ಜೋಡಿಸಿ, ತೀಡಿ’ ಎಂದು ಹಾಕಿದ್ದೇನೆ. ಕೈಪಿಡಿಯಲ್ಲಿ ಬಳ್ಳಿ, ತೊಟ್ಟು, ತೊಟ್ಟಿನ ಗುರುತು, ಗೆರೆ, ಕುಸುರಿ ಕೆಲಸ ಇವೆ. ವಿಡಿಯೊ ನೋಡುವವರಿಗೆ ತೊಂದರೆಯಾಗದಿರಲಿ ಎಂದು ಕೊನೆಯ ಪುಟದಲ್ಲಿ ರನ್ನರ್, ಗೇಟ್ ಮುಂತಾದ ಹೆಸರುಗಳ ಪಟ್ಟಿಯನ್ನೂ ಕೊಟ್ಟಿದ್ದೇನೆ. ತಿನ್ನರಿನ ಎಚ್ಚರಿಕೆಯನ್ನು ಚೌಕದೊಳಗೆ ಹಾಕಿದೆ.

ಕರಡನ್ನು ಮೊದಲು ಓದಿದ್ದ ಹುಡುಗಿಗೆ ತೊಟ್ಟಿನ ಪುಟವನ್ನು ಮತ್ತೆ ಕಳುಹಿಸಿದ್ದೆ. ಈ ಬಾರಿ ಪ್ರಶ್ನೆ ಬರಲಿಲ್ಲ. ಒಂದು ಫೋಟೊ ಬಂತು: ಅಂಗೈ ಮೇಲೆ ಬಿಳಿ ಭುಜದ ತುಣುಕು, ಅಂಚಿನಲ್ಲಿ ಕೂದಲೆಳೆಯಷ್ಟು ತೊಟ್ಟು.

‘1/144’ ಎಂಬಲ್ಲಿ ‘ಅಳತೆ’ ಎಂದು ಬರೆದಿದ್ದೇನೆ. ‘ಪ್ರಮಾಣ’ವೇ ಆಗಬೇಕು ಎನ್ನುವವರಿದ್ದರೆ ಬೆಳಿಗ್ಗೆ 9ರೊಳಗೆ ತಿಳಿಸಿ.