ಅಪ್‌ಡೇಟ್: ಅಪ್ಪನ ಮೆಕ್ಕೆಜೋಳದ 5,000 ರೂಪಾಯಿ ಸಿಕ್ಕಿತು

ಕೊರೊನಾ ಲಾಕ್‌ಡೌನ್‌ನಲ್ಲಿ ಬೆಲೆ ಕುಸಿದದ್ದಕ್ಕೆ 2020ರ ಮೇ ತಿಂಗಳಲ್ಲಿ ಯಡಿಯೂರಪ್ಪನವರ ಸರ್ಕಾರ ಘೋಷಿಸಿದ ಮೆಕ್ಕೆಜೋಳದ ಪರಿಹಾರ ಅಕ್ಕಪಕ್ಕದವರಿಗೆಲ್ಲ ಬಂದರೂ ಅಪ್ಪನಿಗೆ ಏಕೆ ಬಂದಿಲ್ಲ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಬಂದಿತ್ತು, ನಮಗೇ ಗೊತ್ತಿರಲಿಲ್ಲ!

ಮೊದಲು ಪಾಸ್‌ಬುಕ್ ಜೆರಾಕ್ಸ್, ಪಹಣಿ ಹಿಡಿದು ಕೃಷಿ ಕಚೇರಿಗೆ ಎರಡು ಸಲ ಅಲೆದೆವು. ಪ್ರಯೋಜನವಾಗಲಿಲ್ಲ. ಬೆಳೆ ಸಮೀಕ್ಷೆಯಲ್ಲಿ ತಪ್ಪಾಗಿರಬಹುದು ಎಂದವರ ಮಾತು ಕೇಳಿ ಅದನ್ನೂ ನೋಡಿಸಿದೆ. ಮೆಕ್ಕೆಜೋಳ ಎಂದೇ ನಮೂದಾಗಿತ್ತು.

ಕೆಲಸಕ್ಕೆ ಬಂದದ್ದು "ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ನೋಡಿ" ಎಂದವರ ಸಲಹೆ. ಅಪ್ಪನ ಮೊಬೈಲ್‌ನಲ್ಲಿ *99*99*1# ಒತ್ತಿ ಆಧಾರ್ ಸಂಖ್ಯೆ ಕೊಟ್ಟೆ. ತೋರಿಸಿದ್ದು ನಾವು ಕೊಟ್ಟ ಪಾಸ್‌ಬುಕ್ಕಿನ ಬ್ಯಾಂಕನ್ನಲ್ಲ, ಹಿಂದೆ ಉದ್ಯೋಗ ಖಾತ್ರಿ ಕೂಲಿಗೆಂದು ತೆರೆದು ಮರೆತೇಬಿಟ್ಟಿದ್ದ ಖಾತೆಯ ಬ್ಯಾಂಕನ್ನು. ಪೆಟ್ಟಿಗೆಯ ತಳದಲ್ಲಿದ್ದ ಆ ಪಾಸ್‌ಬುಕ್ ಒಯ್ದು ನಮೂದು ಮಾಡಿಸಿದರೆ 5,000 ಅಲ್ಲೇ ಕೂತಿತ್ತು, ಜೊತೆಗೆ ಗ್ಯಾಸ್ ಸಬ್ಸಿಡಿಯ ಚಿಲ್ಲರೆಯೂ. ಅಪ್ಪನ ಮುಖ ನೋಡಬೇಕಿತ್ತು.

ನನಗೆ ಹೊಸದಾಗಿ ತಿಳಿದದ್ದು: ಆಧಾರ್ ಸಂಖ್ಯೆಯ ಮೇಲೆ ಕಳುಹಿಸುವ ಹಣ ನಾವು ಬರೆದುಕೊಟ್ಟ ಖಾತೆಗೆ ಹೋಗುವುದಿಲ್ಲ, ಕೊನೆಯದಾಗಿ ಆಧಾರ್ ಜೋಡಿಸಿದ ಬ್ಯಾಂಕಿಗೆ ಹೋಗುತ್ತದೆ. ಖಾತೆಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಆಗಿರುತ್ತದೆಂದೂ ಇಲ್ಲ. ಈಗ ನಾವು ಮೊದಲು ಕೊಟ್ಟ ಪಾಸ್‌ಬುಕ್ಕಿನ ಬ್ಯಾಂಕಿನಲ್ಲಿ ಒಪ್ಪಿಗೆ ಪತ್ರ ಬರೆದುಕೊಟ್ಟು ಜೋಡಣೆ ಬದಲಾಯಿಸಿದ್ದೇವೆ.

ಇನ್ನೊಂದು: ಎಕರೆ ಹೆಚ್ಚಿದ್ದರೆ ಹೆಚ್ಚು ಸಿಗುತ್ತದೆಯೇ ಎಂದು ಕೇಳಿದ್ದವರಿಗೆ, ಇಲ್ಲ, ಮೆಕ್ಕೆಜೋಳಕ್ಕೆ ರೈತರೊಬ್ಬರಿಗೆ 5,000 ಅಷ್ಟೇ ಇತ್ತು. ಹೆಕ್ಟೇರ್ ಲೆಕ್ಕದ 25,000 ಪರಿಹಾರ ಹೂ ಬೆಳೆಗಾರರದಾಗಿತ್ತು.