ಬಾಲ್ ಪೈಥಾನ್ (ಸಾಕು ಹೆಬ್ಬಾವು) ಇಲಿ ಕಕ್ಕಿದೆ, ಮತ್ತೆ ಯಾವಾಗ ಕೊಡಬೇಕು? (ರಾಯಚೂರು)

ಪ್ರಶ್ನೆ: ಹಾವು 600 ಗ್ರಾಂ ಅದ. ನುಂಗಿದ ಇಲೀನ ಮೂರನೇ ದಿನ ಕಕ್ಕ್ಯಾದ, ಅರ್ಧ ಕರಗಿದ ಬೂದು ಮುದ್ದೆ, ವಿಪರೀತ ನಾತ. ರೂಮು 36 ಡಿಗ್ರಿ, ಹೀಟ್ ಮ್ಯಾಟ್ ಹಗಲೂ ರಾತ್ರಿ ಆನ್ ಇರ್ತದ. ಏನ್ ಮಾಡ್ಲಿ ಸರ್?

ಉತ್ತರ 1: ಮೊದಲು ಮ್ಯಾಟ್ ಬಂದ್ ಮಾಡ್ರಿ, ವಿಪರೀತ ಬಿಸಿಗೇ ಕಕ್ಕಿರಬೇಕು. ಈ ಊರಿನ ಬಿಸಿಲಾಗ ಕಾಯಿಸೋದಲ್ಲ, ತಣ್ಣಗಿಡೋದೇ ಕೆಲಸ. ಬಿಸಿ ತುದಿ 31–32, ತಂಪು ತುದಿ 25–27 ಡಿಗ್ರಿ ಇರಬೇಕು. ಎರಡೂ ತುದಿ ಒಂದೇ ಬಿಸಿ ಆದ್ರ ಹಾವಿಗೆ ಸರಿದುಕೊಳ್ಳಾಕ ಜಾಗಾನೇ ಇರಂಗಿಲ್ಲ. ಕಿಟಕಿ ತೆರೆದು ಕೂಲರ್ ಹಚ್ಚಿರಿ. ಮುಚ್ಚಿದ ರೂಮಿನಾಗ ಬರೇ ಜಿಗಿ ಏರ್ತದ. ಅದಕ್ಕೂ ಇಳೀಲಿಲ್ಲಂದ್ರ ಎಸಿನೇ ಬೇಕು. ಚಳಿಗಾಲಕ್ಕ ಮ್ಯಾಟ್ ಹಾಕೋವಾಗ ಥರ್ಮೋಸ್ಟಾಟ್ (ಬಿಸಿ ನೋಡಿ ತಾನೇ ಆನ್-ಆಫ್ ಮಾಡೋದು) ಬೇಕೇ ಬೇಕು. ಅದರ ಪ್ರೋಬ್ (ಬಿಸಿ ಅಳೆಯೋ ತಂತಿ ತುದಿ) ಮ್ಯಾಟಿಗೂ ಪೆಟ್ಟಿಗೆ ತಳಕ್ಕೂ ನಡುವೆ ಅಂಟಿಸ್ರಿ. ಒಳಗಿಟ್ರ ಹಾವು ಸರಸ್ತದ, ಮ್ಯಾಟ್ ಕಾಯ್ತಾನೇ ಇರ್ತದ, ಹೊಟ್ಟೆ ಸುಡ್ತದ.

ಉತ್ತರ 2: 14 ದಿನ ಬರೇ ನೀರು. ಕಕ್ಕಿದಾಗ ಜಠರರಸ ಹೋಗಿ ಗಂಟಲೂ ಬೆಂದಿರ್ತದ. ಆಮೇಲೆ 25–30 ಗ್ರಾಂ ಇಲಿ ಒಂದೇ. ಹೆಪ್ಪುಗಟ್ಟಿದ್ದನ್ನ ರಾತ್ರಿ ಫ್ರಿಜ್ಜಿನ ಕೆಳಗಿನ ಖಾನೆಗಿಟ್ಟು, ಬೆಳಿಗ್ಗೆ ಪ್ಲಾಸ್ಟಿಕ್ ಚೀಲದಾಗ ಬಿಸಿನೀರಿಗೆ ಹಾಕ್ರಿ. ಇಲಿ ಹೊಟ್ಟೆ ಹಿಚುಕಿದರ ಗಟ್ಟಿ ಹತ್ತಬಾರದು. ತಿಂದ ಮೇಲೆ 48 ತಾಸು ಮುಟ್ಟಬ್ಯಾಡ್ರಿ.

ಉತ್ತರ 3: ಮತ್ತೊಮ್ಮೆ ಕಕ್ಕಿದರ ಕಾಯಬ್ಯಾಡ್ರಿ, ಹಿಕ್ಕೆ ಸಮೇತ ಪಶುವೈದ್ಯರ ಹತ್ರ ಒಯ್ರಿ.