ಅಪ್‌ಡೇಟ್: ಈಳಿಗೆಮಣೆ ಅಟ್ಟದಿಂದ ಇಳಿದಿದೆ

ಮಗುವಿಗೆ ನಾನೇ ಏನಾದರೂ ಮಾಡಿಬಿಡುತ್ತೇನೆಂಬ ಯೋಚನೆ ದಿನವಿಡೀ ನುಗ್ಗುತ್ತದೆ, ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿಸಿದ್ದೇನೆ, ನಾನು ಕೆಟ್ಟ ತಾಯಿಯೇ ಎಂದು ಎಂಟು ತಿಂಗಳ ಹಿಂದೆ ಕೇಳಿದ್ದೆ. ಮೊದಲು ಮನೋವೈದ್ಯರನ್ನು ಕಾಣಿ ಎಂದು ಗದರಿದವರಿಗೆ ನಮಸ್ಕಾರ.

ಕಂಡೆ. ಇದು ಗೀಳು ರೋಗ, ಒಸಿಡಿ: ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗುವುದು, ಸಮಾಧಾನಕ್ಕಾಗಿ ಏನನ್ನಾದರೂ ಮತ್ತೆ ಮತ್ತೆ ಮಾಡುವುದು. ಹೆರಿಗೆಯ ನಂತರ ಶುರುವಾಗುವುದು ಅಪರೂಪವಲ್ಲ ಎಂದರು. ಸರ್ಟ್ರಾಲಿನ್ ಮಾತ್ರೆ ಬರೆದುಕೊಟ್ಟರು. ಒಸಿಡಿಯಲ್ಲಿ ಅದರ ಪರಿಣಾಮ ಪೂರ್ತಿ ಕಾಣಲು 8ರಿಂದ 12 ವಾರ ಬೇಕಂತೆ. ಮೂರನೇ ವಾರಕ್ಕೇ ನಾನು ಎಸೆಯಲು ಹೊರಟಿದ್ದೆ.

ನಿಜವಾಗಿ ಬೆವರಿಳಿಸಿದ್ದು ಇಆರ್‌ಪಿ ಚಿಕಿತ್ಸೆ. ಭಯದ ಎದುರು ಕೂರಬೇಕು, ಆದರೆ ಸಮಾಧಾನಕ್ಕಾಗಿ ಏನನ್ನೂ ಮಾಡಬಾರದು. ಮೊದಲು ಈಳಿಗೆಮಣೆಯನ್ನು ನೋಡುವುದಷ್ಟೇ. ಆಮೇಲೆ ಮಗು ಮಲಗಿದ್ದಾಗ ಬೆಂಡೆಕಾಯಿ ಹೆಚ್ಚುವುದು. ಕೊನೆಗೆ ಮಗು ಅದೇ ಕೋಣೆಯಲ್ಲಿ ಆಡುತ್ತಿರುವಾಗ. ಯೋಚನೆ ಬಂದ ಕೂಡಲೇ ದೇವರ ನಾಮ ಹೇಳಿ ಅದನ್ನು ತೊಳೆದುಕೊಳ್ಳುತ್ತಿದ್ದೆನಲ್ಲ, ಅದೂ ಗೀಳಿನ ಭಾಗವೇ ಎಂದಾಗ ಅತ್ತುಬಿಟ್ಟೆ. ‘ನಾನು ಹಾಗೆ ಮಾಡುವುದಿಲ್ಲ ಅಲ್ಲವೇ?’ ಎಂದು ಯಜಮಾನರನ್ನು ಕೇಳುವುದೂ ಅಷ್ಟೇ. ಈಗ ಕೇಳಿದರೆ ಅವರು ಉತ್ತರಿಸದೆ ಪತ್ರಿಕೆ ಓದುತ್ತಾರೆ. ಸಿಟ್ಟು ಬರುತ್ತದೆ, ಉಪಯೋಗವೂ ಆಗುತ್ತಿದೆ.

ಆಸ್ಪತ್ರೆಗೆ ಹೋಗಲು ಸಂಕೋಚವಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಯೋಚನೆ ಪೂರ್ತಿ ನಿಂತಿಲ್ಲ. ನಿನ್ನೆ ಬದನೆಕಾಯಿ ಹೆಚ್ಚುವಾಗಲೂ ಬಂತು. ಬಂದರೆ ಬರಲಿ ಎಂದು ಹೆಚ್ಚುತ್ತಲೇ ಇದ್ದೆ. ಹೋಳು ದಪ್ಪವಾಯಿತೆಂದು ಅತ್ತೆ ಗೊಣಗಿದರು.